ಸಿಆರ್‌ಪಿ ಜಾಸ್ತಿ ಬಂದಿದೆ, ಸ್ತನ ಕ್ಯಾನ್ಸರ್ ಬರುತ್ತಾ ಡಾಕ್ಟ್ರೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ತೆ ಡಾಕ್ಟ್ರೇ. ನನಗೆ 46 ವರ್ಷ. ಆಫೀಸಿನವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಎಚ್‌ಎಸ್-ಸಿಆರ್‌ಪಿ 4.8 ಬಂದಿದೆ, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಹೈ’ ಅಂತಿದೆ. ಶುಗರ್ ಬಾರ್ಡರ್‌ನಲ್ಲಿದೆ. ಅದೇ ವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ “ಉರಿಯೂತವೇ ಸ್ತನ ಕ್ಯಾನ್ಸರಿನ ಮೊದಲ ಸೂಚನೆ” ಅಂತ ಒಂದು ಫಾರ್ವರ್ಡ್ ಬಂತು. ನಮ್ಮ ಚಿಕ್ಕಮ್ಮನಿಗೆ 61ನೇ ವಯಸ್ಸಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಆರಾಮಾಗಿದ್ದಾರೆ. ಎಲ್ಲ ಸೇರಿಸಿ ಯೋಚನೆ ಮಾಡಿ ನಿದ್ದೆ ಬರ್ತಿಲ್ಲ.

ಉತ್ತರ (ಸರ್ಜನ್, ಮೈಸೂರು):
ಮೊದಲು ಆ 4.8ರ ವಿಷಯ. ಸಿಆರ್‌ಪಿ ಅನ್ನೋದು ಲಿವರ್ ತಯಾರಿಸುವ ಒಂದು ಪ್ರೋಟೀನ್. ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಏರುತ್ತೆ. ವಸಡು ಊದಿದ್ದರೆ ಏರುತ್ತೆ, ಹೋದ ವಾರ ನೆಗಡಿ ಆಗಿದ್ದರೆ ಏರುತ್ತೆ, ಹೊಟ್ಟೆ ಸುತ್ತ ಬೊಜ್ಜಿದ್ದರೂ ಏರುತ್ತೆ. ಎಲ್ಲಿ, ಯಾಕೆ ಅಂತ ಮಾತ್ರ ಅದು ಹೇಳಲ್ಲ. ಎಚ್‌ಎಸ್ ಅನ್ನೋ ಸೂಕ್ಷ್ಮ ಪರೀಕ್ಷೆಯನ್ನು ಬಳಸೋದು ಮುಖ್ಯವಾಗಿ ಹೃದಯದ ರಿಸ್ಕ್ ಅಂದಾಜಿಗೆ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೆಚ್ಚು ಅಂತ ಲೆಕ್ಕ. 10 ದಾಟಿದರೆ ಎಲ್ಲಾದರೂ ಸೋಂಕು ಇದೆಯಾ ಅಂತ ಹುಡುಕಿ, ಎರಡು ವಾರ ಬಿಟ್ಟು ಮತ್ತೆ ಮಾಡಿಸ್ತೀವಿ. ಸ್ತನ ಕ್ಯಾನ್ಸರ್ ಪತ್ತೆಗೆ ಇದು ಪರೀಕ್ಷೆಯೇ ಅಲ್ಲ. ಶುಗರ್ ಬಾರ್ಡರ್ ಜೊತೆ 4.8 ಅಂದರೆ ನಾನು ಮೊದಲು ಕೇಳೋದು ನಿಮ್ಮ ಬಿಪಿ, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ.

ಹಾಗಂತ ಆ ಫಾರ್ವರ್ಡ್ ಪೂರ್ತಿ ಬುರುಡೆಯೂ ಅಲ್ಲ, ತೊಂದರೆ ಇರೋದೇ ಅಲ್ಲಿ. ತೂಕ ಹೆಚ್ಚಿದವರ ಸ್ತನದ ಕೊಬ್ಬಿನಲ್ಲಿ ನಿಧಾನಗತಿಯ ಉರಿಯೂತ ಇರುವುದು ನಿಜ. ಕೊಬ್ಬಿನ ಕೋಶ ಹಿಗ್ಗಿ ಹಿಗ್ಗಿ ಸತ್ತಾಗ ಅದನ್ನು ತಿಂದು ತೆಗೆಯೋಕೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಸುತ್ತ ನೆರೆಯುತ್ತವೆ. ಮೈಕ್ರೋಸ್ಕೋಪಿನಲ್ಲಿ ಕಿರೀಟದ ಹಾಗೆ ಕಾಣುತ್ತೆ, ಪೆಥಾಲಜಿಯವರು ಕರೆಯೋದೂ ಹಾಗೇ. ಅಲ್ಲಿಂದ ಹೊರಡುವ ರಾಸಾಯನಿಕಗಳು ಅಕ್ಕಪಕ್ಕದಲ್ಲಿ ಅರೋಮಟೇಸ್ ಎಂಬ ಕಿಣ್ವವನ್ನು ಹೆಚ್ಚಿಸುತ್ತವೆ, ಆ ಕಿಣ್ವದಿಂದ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ತಯಾರಾಗುತ್ತೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಬಹುಪಾಲು ಬರೋದೇ ಕೊಬ್ಬಿನಿಂದ. ಸ್ತನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಬೆಳೆಯೋದೂ ಅದರ ಬಲದಿಂದ. ಮುಟ್ಟು ನಿಂತವರಲ್ಲಿ ಬೊಜ್ಜಿದ್ದರೆ ಈ ಕಾಯಿಲೆ ಹೆಚ್ಚು ಯಾಕೆ ಅನ್ನೋದಕ್ಕೆ ಇದೊಂದು ಕಾರಣ.

ಆದರೆ ಆ ಕಿರೀಟ ಕಾಣೋದು ಆಪರೇಷನ್‌ನಲ್ಲಿ ತೆಗೆದ ತುಣುಕಿನಲ್ಲಿ, ನಿಮ್ಮ ರಕ್ತದಲ್ಲಲ್ಲ. ಸಾವಿರಾರು ಹೆಂಗಸರನ್ನು ಒಟ್ಟಿಗೆ ನೋಡಿದಾಗ ಸಿಆರ್‌ಪಿಗೂ ಸ್ತನ ಕ್ಯಾನ್ಸರಿಗೂ ಸಣ್ಣ ನಂಟು ಕಾಣುತ್ತೆ. ಒಬ್ಬರ ರಿಪೋರ್ಟ್ ಹಿಡಿದು ಭವಿಷ್ಯ ಹೇಳೋಷ್ಟು ದೊಡ್ಡದಲ್ಲ. (ಲ್ಯಾಬಿನವರು ಪ್ಯಾಕೇಜಿಗೆ ಒಂದೊಂದೇ ಟೆಸ್ಟ್ ಸೇರಿಸ್ತಾ ಹೋಗ್ತಾರೆ, ಬಂದ ನಂಬರಿಗೆಲ್ಲ ಸಮಾಧಾನ ಹೇಳೋ ಕೆಲಸ ನಮ್ಮ ಪಾಲಿಗೆ!)

ಚಿಕ್ಕಮ್ಮ ಒಬ್ಬರಿಗೇ, ಅದೂ 61ಕ್ಕೆ ಬಂದಿದ್ದರೆ ನಿಮ್ಮ ರಿಸ್ಕ್ ಸ್ವಲ್ಪ ಏರುತ್ತೆ ಅಷ್ಟೇ. ತಾಯಿಗೋ ಅಕ್ಕತಂಗಿಗೋ 50ರೊಳಗೆ ಬಂದಿದ್ದರೆ, ಕುಟುಂಬದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ ಮಾತೇ ಬೇರೆ, ಆಗ ಜೀನ್ ಪರೀಕ್ಷೆ ಬೇಕಾ ಅಂತ ಕೂತು ಮಾತಾಡಬೇಕು. ನೀವು ಸದ್ಯಕ್ಕೆ ಒಂದು ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿ, ಡಾಕ್ಟರ ಕೈಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಕೈಪರೀಕ್ಷೆಯಿಂದ ಏನಾಗುತ್ತೆ ಅಂತ ಮೂಗು ಮುರೀಬೇಡಿ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಲ್ಲೇ ಪರೀಕ್ಷೆ ಮಾಡಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದಾದ ಸಾವು ಹೆಚ್ಚುಕಡಿಮೆ ಶೇ 30ರಷ್ಟು ಕಡಿಮೆ ಇತ್ತು. 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಅದನ್ನೂ ಹೇಳಬೇಕು.

ಪ್ರಶ್ನೆ (ಮದ್ದೂರು):
ಸಾರ್, ಇದನ್ನ ಓದಿ ಕೇಳ್ತಿದೀನಿ. ನಮ್ಮ ನಾದಿನಿ ಬಾಣಂತನಕ್ಕೆ ಬಂದವಳು ಇಲ್ಲೇ ಇದ್ದಾಳೆ, 29 ವರ್ಷ, ಮಗೂಗೆ ಐದು ತಿಂಗಳು. ಎಡಗಡೆ ಎದೆ ಕೆಂಪಾಗಿ ಊದಿಕೊಂಡು ಮೂರು ವಾರ ಆಯ್ತು. ಎರಡು ಸಲ ಆಂಟಿಬಯಾಟಿಕ್ ಕೋರ್ಸ್ ಮುಗೀತು. ಜ್ವರ ಇಲ್ಲ. ಗಡ್ಡೆ ಸಿಕ್ತಿಲ್ಲ ಅಂದ್ರು. ನಮ್ಮತ್ತೆ “ಹಾಲು ಕಟ್ಟದೆ ಕಣೇ, ಸುಮ್ಕಿರು” ಅಂತ ಬಿಸಿ ಉಪ್ಪಿನ ಗಂಟಲ್ಲಿ ಶಾಖ ಕೊಡ್ತಾವ್ರೆ, ಅರಿಶಿನ ಮೆತ್ತುತಾವ್ರೆ. ಈಗ ಚರ್ಮ ಕಿತ್ತಳೆ ಸಿಪ್ಪೆ ಥರ ಗುಳಿಗುಳಿ ಕಾಣ್ತದೆ.

ಉತ್ತರ:
ತಾಯಿ, ಮೇಲಿನ ಪ್ರಶ್ನೆ ಒಂದು ತಿಂಗಳು ಕಾಯಬಹುದು, ನಿಮ್ಮದು ಕಾಯೋದಲ್ಲ. ಈ ವಾರವೇ ತೋರಿಸಿ.

ಹೆದರಿಸೋಕೆ ಹೇಳ್ತಿಲ್ಲ. ಹಾಲುಣಿಸೋ ಹೆಣ್ಣುಮಕ್ಕಳ ಎದೆ ಕೆಂಪಾದರೆ ಅದು ಸಾಮಾನ್ಯವಾಗಿ ಹಾಲು ಕಟ್ಟಿ ಆದ ಬಾವು ಅಥವಾ ಸೋಂಕೇ. ಆದರೆ ಅಂಥದ್ದು ಸರಿಯಾದ ಔಷಧಿಗೆ ಎರಡು ಮೂರು ದಿನದಲ್ಲಿ ಬಗ್ಗಬೇಕು. ಬಗ್ಗದಿದ್ದರೆ ಒಳಗೆ ಕೀವು ನಿಂತಿರಬಹುದು, ಟಿಬಿ ಇರಬಹುದು. ಗ್ರ್ಯಾನ್ಯುಲೋಮ್ಯಾಟಸ್ ಮ್ಯಾಸ್ಟೈಟಿಸ್ ಅಂತ ಒಂದಿದೆ, ಹೆರಿಗೆಯಾದ ಕೆಲವು ವರ್ಷದೊಳಗೆ ಬರುತ್ತೆ, ಕ್ಯಾನ್ಸರ್ ಥರವೇ ಕಾಣುತ್ತೆ, ಆದರೆ ಕ್ಯಾನ್ಸರ್ ಅಲ್ಲ. ಅಪರೂಪಕ್ಕೆ ಉರಿಯೂತದ ರೂಪದಲ್ಲೇ ಬರುವ ಸ್ತನ ಕ್ಯಾನ್ಸರ್ ಇರಬಹುದು. ನೂರು ಸ್ತನ ಕ್ಯಾನ್ಸರಿನಲ್ಲಿ ಒಂದರಿಂದ ಐದು ಅಂಥವು, ವಾರಗಳಲ್ಲೇ ಬಲಿಯುತ್ತವೆ. ಅದರಲ್ಲಿ ಕೈಗೆ ಗಡ್ಡೆ ಸಿಗದೇ ಇರೋದೇ ಹೆಚ್ಚು. ಕ್ಯಾನ್ಸರ್ ಕೋಶಗಳು ಚರ್ಮದ ಲಿಂಫ್ ನಾಳಗಳನ್ನು (ಹಾಲಿನ ನಾಳ ಅಲ್ಲ, ಅಂಗಾಂಶದ ನೀರು ಹರಿದುಹೋಗೋ ಸಣ್ಣ ನಾಳ) ಕಟ್ಟಿಬಿಡುತ್ತವೆ, ನೀರು ನಿಂತು ಚರ್ಮ ದಪ್ಪಗಾಗಿ ರೋಮದ ಗುಳಿಗಳು ಎದ್ದು ಕಾಣುತ್ತವೆ. ರವಿಕೆ ಒಂದೇ ಕಡೆ ಬಿಗಿಯಾಗೋದು, ಬ್ರಾ ಪಟ್ಟಿಯ ಗುರುತು ಬಹಳ ಹೊತ್ತು ಮಾಸದೇ ಇರೋದು, ಇಂಥ ಮಾತು ಹೆಂಗಸರೇ ಹೇಳ್ತಾರೆ, ನಾವು ಕೇಳಿಸಿಕೊಳ್ಳಬೇಕು.

ಇವುಗಳಲ್ಲಿ ಯಾವುದು ಅಂತ ನೋಡಿದ ಮಾತ್ರಕ್ಕೆ ನಾನೂ ಹೇಳಲಾರೆ. ಅಲ್ಟ್ರಾಸೌಂಡ್ ಮಾಡಿ, ದಪ್ಪ ಸೂಜಿಯಲ್ಲಿ ಒಳಗಿನ ತುಣುಕು, ಬೇಕಾದರೆ ಚರ್ಮದ ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು, ಅದೇ ಬಯಾಪ್ಸಿ. ಮೂರನೇ ಆಂಟಿಬಯಾಟಿಕ್ ಬರೆದುಕೊಟ್ಟರೆ “ಬಯಾಪ್ಸಿ ಯಾವಾಗ ಮಾಡ್ತೀರಿ?” ಅಂತ ನೀವೇ ಕೇಳಿ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತೆ ಅನ್ನೋರ ಮಾತಿಗೆ ಕಿವಿಗೊಡಬೇಡಿ. ಶಾಖ ಇವತ್ತೇ ನಿಲ್ಲಿಸಿ, ಊದಿದ ಚರ್ಮ ಸುಟ್ಟರೆ ಗೊತ್ತಾಗಲ್ಲ. ಬಲಗಡೆ ಮಗು ಎಂದಿನಂತೆ ಕುಡೀಲಿ. ಎಡಗಡೆದು ಡಾಕ್ಟರ್ ನೋಡಿ ಹೇಳ್ತಾರೆ.

ಪ್ರಶ್ನೆ (ಶ್ರೀರಂಗಪಟ್ಟಣ):
ಉರಿಯೂತ ಇಳಿಸೋಕೆ ಅರಿಶಿನದ ಕ್ಯಾಪ್ಸೂಲ್ ತಗೋಬಹುದಾ ಸರ್? ಸಕ್ಕರೆ ಬಿಟ್ಟು ಬೆಲ್ಲ ಶುರು ಮಾಡಿದೀನಿ.

ಉತ್ತರ:
ಸಾರಿಗೆ ಹಾಕೋ ಅರಿಶಿನ ಸಾಕು. ಕ್ಯಾಪ್ಸೂಲಿನಿಂದ ಸ್ತನ ಕ್ಯಾನ್ಸರ್ ತಪ್ಪುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಕೆಲವರಿಗೆ ಲಿವರ್ ಕೆಟ್ಟದ್ದಿದೆ. ಬೆಲ್ಲವೂ ಸಕ್ಕರೆಯೇ, ಮಂಡ್ಯ ಜಿಲ್ಲೆಯವರಿಗೆ ಈ ಮಾತು ಹೇಳಿ ಬೈಸಿಕೊಳ್ಳೋದು ನನಗೆ ರೂಢಿ. ತೂಕ ಇಳಿಸಿ, ದಿನಾ ಬೆವರು ಬರೋ ಹಾಗೆ ನಡೀರಿ, ಮದ್ಯದ ಅಭ್ಯಾಸ ಇದ್ದರೆ ಬಿಡಿ. ಈ ಮೂರಕ್ಕೆ ಪುರಾವೆ ಇದೆ.

ಮದ್ದೂರಿನವರು:
ಅತ್ತೆಗೆ ಓದಿ ಹೇಳ್ದೆ ಸಾರ್, ಶಾಖ ನಿಲ್ಸಿದ್ರು. ನಾಳೆ ಮಂಡ್ಯ ಮಿಮ್ಸ್ ಆಸ್ಪತ್ರೆಗೆ ಹೋಗ್ತೀವಿ. ಹೆರಿಗೆ ವಿಭಾಗಕ್ಕಾ?

ಉತ್ತರ:
ಅಲ್ಲ, ಸರ್ಜರಿ ಓಪಿಡಿಗೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಖಾಲಿಯಾದ ಮಾತ್ರೆ ಪಟ್ಟಿಗಳು, ಹಳೇ ಚೀಟಿ, ಆಧಾರ್, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಮಗುವನ್ನೂ ಕರ್ಕೊಂಡು ಹೋಗಿ, ಕಾಯೋದು ಹೊತ್ತಾಗಬಹುದು. ಮೈಸೂರಿಗೇ ಬರೋದಾದರೆ ಕೆ.ಆರ್. ಆಸ್ಪತ್ರೆಯಲ್ಲೂ ಸರ್ಜರಿ ವಿಭಾಗವೇ.