ಸಭಾಭವನದ ಕಿಟಕಿಗಳು ಮತ್ತು ಹೊಸ ತಳಿಯ ಸುದ್ದಿ

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಗಣೇಶೋತ್ಸವಕ್ಕಾಗಿ ಮಕ್ಕಳು ದಿನಾ ಸಂಜೆ ಸಭಾಭವನದಲ್ಲಿ ಲೇಝಿಮ್ ಅಭ್ಯಾಸ ಮಾಡುತ್ತಿದ್ದಾರೆ. ಈ ವಾರ ಒಬ್ಬರ ಹಿಂದೊಬ್ಬರು ಜ್ವರ, ಕೆಮ್ಮು ಎಂದು ಮಲಗಿದ್ದಾರೆ. ಎರಡನೇ ಅಡ್ಡರಸ್ತೆಯ ಅಜ್ಜನವರಿಗೆ ಕೊರೊನಾ ಎಂದು ವರದಿ ಬಂದಿದೆ. ಅವರು ಮನೆಯಲ್ಲೇ ಇದ್ದಾರೆ, ಊಟ ಮಾಡುತ್ತಿದ್ದಾರೆ. ಮುಂದೇನು ಎಂಬುದು ಇವತ್ತೇ ತೀರ್ಮಾನವಾಗಲಿ.

ಮೂಲೆ ಮನೆ ಕಾಕಾ: ಅವರ ಮಗ ಪುಣೆಯಿಂದ ಬಂದ ಮೇಲೆಯೇ ಇದು ಶುರುವಾಗಿದ್ದು. ಹೊಸ ತಳಿಯಂತೆ, ಲಸಿಕೆಗೂ ಬಗ್ಗುವುದಿಲ್ಲವಂತೆ. ಅವರ ಗೇಟಿಗೆ ಚೀಟಿ ಅಂಟಿಸಬೇಕು. ನನ್ನ ಮೊಮ್ಮಗನಿಗೆ ಉಬ್ಬಸವಿದೆ.

ಲ್ಯಾಬ್ ಅಕ್ಕ, ಮೂರನೇ ಅಡ್ಡರಸ್ತೆ: ಕಾಕಾ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಚೀಟಿಯ ಮಾತು ಬೇಡ. 2021ರಲ್ಲಿ ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ಮಹಾರಾಷ್ಟ್ರದಿಂದ ಬರುವವರ ಆರ್‌ಟಿಪಿಸಿಆರ್ ವರದಿ ನೋಡಿಯೇ ಒಳಗೆ ಬಿಡುತ್ತಿದ್ದರು. ಆದರೂ ಡೆಲ್ಟಾ ತಳಿ ನಮ್ಮ ಬೆಳಗಾವಿಗೆ ಬಂತು. ಇವತ್ತು ಒಂದು ಗೇಟಿಗೆ ಚೀಟಿ ಬಿದ್ದರೆ, ನಾಳೆ ಜ್ವರ ಬಂದವರು ಪರೀಕ್ಷೆಗೇ ಹೋಗದೆ ಮುಚ್ಚಿಡುತ್ತಾರೆ. ನಿಮ್ಮ ಮೊಮ್ಮಗನಿಗೆ ಅದೇ ಹೆಚ್ಚು ಅಪಾಯ.

ಲಸಿಕೆಗೆ ಬಗ್ಗುವುದಿಲ್ಲ ಎಂಬುದು ಅರ್ಧ ಸತ್ಯ. ಈ ವೈರಾಣುವಿನ ಆರ್‌ಎನ್‌ಎಯಲ್ಲಿ, ಅಂದರೆ ಅದರ ವಂಶವಾಹಿ ಬರಹದಲ್ಲಿ, ಸುಮಾರು 30,000 ಅಕ್ಷರಗಳಿವೆ. ಪ್ರತಿ ನಕಲಿನಲ್ಲೂ ತಪ್ಪುಗಳಾಗಬಹುದು, ಅವುಗಳಲ್ಲಿ ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಜೀವಕೋಶಕ್ಕೆ ಅಂಟಿಕೊಳ್ಳುವ ಸ್ಪೈಕ್ ಪ್ರೋಟೀನಿನಲ್ಲಿ ಆದರೆ ಪರಿಣಾಮ ಕಾಣುತ್ತದೆ. 2021ರ ನವೆಂಬರಿನಲ್ಲಿ ಪತ್ತೆಯಾದ ಓಮಿಕ್ರಾನ್‌ನ ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ವೈರಾಣುವನ್ನು ತಡೆಯಲು ದೇಹ ತಯಾರಿಸುವ ಪ್ರತಿಕಾಯಗಳು ಹಿಡಿಯುವ ಜಾಗಗಳೇ ಬದಲಾಗಿದ್ದರಿಂದ ಲಸಿಕೆ ಪಡೆದವರಿಗೂ ಸೋಂಕು ತಗುಲಿತು. ಆದರೆ ಸೋಂಕಿನ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳು ವೈರಾಣುವಿನ ಹಲವು ತುಣುಕುಗಳನ್ನು ಗುರುತಿಸುತ್ತವೆ. ಅವೆಲ್ಲ ಒಮ್ಮೆಗೇ ಬದಲಾಗಲಿಲ್ಲ. ಅದಕ್ಕೇ ಕಾಯಿಲೆ ತೀವ್ರವಾಗದಂತೆ ಲಸಿಕೆಯ ರಕ್ಷಣೆ ಬಹುಮಟ್ಟಿಗೆ ಉಳಿಯಿತು.

ಮೊದಲ ಅಡ್ಡರಸ್ತೆ, ಮಹಡಿ ಮನೆ: ಅಜ್ಜನವರಿಗೆ ಬಂದಿರುವುದು ಯಾವ ತಳಿ ಅಕ್ಕಾ? ವರದಿಯಲ್ಲಿ ಬರೆದಿಲ್ಲವಂತೆ.

ಲ್ಯಾಬ್ ಅಕ್ಕ: ಸಾಮಾನ್ಯ ಪರೀಕ್ಷೆ ಅದನ್ನು ಹೇಳುವುದಿಲ್ಲ. ಕೆಲವು ಕಿಟ್‌ಗಳು ಮೂರು ಜೀನ್‌ಗಳನ್ನು ಹುಡುಕುತ್ತವೆ. ಓಮಿಕ್ರಾನ್‌ನ ಮೊದಲ ರೂಪ ಬಂದಾಗ ಯಂತ್ರದ ಪರದೆಯ ಮೇಲೆ ಎರಡು ಜೀನ್‌ಗಳ ಗೆರೆಗಳು ಏರುತ್ತಿದ್ದವು, ಸ್ಪೈಕ್ ರೂಪಿಸುವ ಎಸ್ ಜೀನಿನ ಗೆರೆ ಮಾತ್ರ ಮೇಲೇಳುತ್ತಲೇ ಇರಲಿಲ್ಲ. ಸ್ಪೈಕ್‌ನ 69 ಮತ್ತು 70ನೇ ಸ್ಥಾನಗಳು ಅಳಿಸಿಹೋಗಿದ್ದೇ ಕಾರಣ. ಅದೂ ಸುಳಿವು ಅಷ್ಟೇ. ಖಚಿತವಾಗಬೇಕಾದರೆ ಪೂರ್ತಿ ಜೀನೋಮ್, ಅಂದರೆ ಆ ಅಕ್ಷರಗಳನ್ನೆಲ್ಲ, ಓದಬೇಕು. ಅದಕ್ಕೆಂದೇ 2020ರ ಡಿಸೆಂಬರಿನಲ್ಲಿ ಇನ್ಸಾಕಾಗ್ ಪ್ರಯೋಗಾಲಯ ಜಾಲ ಶುರುವಾಯಿತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಗಾ ಪಟ್ಟಿಗೆ ಸೇರಿಸಿದ ಎನ್‌ಬಿ.1.8.1 ಕೂಡ ಓಮಿಕ್ರಾನ್ ವಂಶದ್ದೇ.

ಯಾವ ತಳಿಯೇ ಆಗಲಿ, ಗಾಳಿಯಲ್ಲೇ ಹರಡುವುದು. ನಿನ್ನೆ ಸಭಾಭವನಕ್ಕೆ ಹೋಗಿದ್ದೆ. ಮಳೆಯ ಎರಚಲು ಬರುತ್ತದೆ ಎಂದು ಪಶ್ಚಿಮದ ಕಿಟಕಿಗಳಿಗೆ ಮೊಳೆ ಹೊಡೆದಿದ್ದಾರೆ. ಮಕ್ಕಳು ಏದುಸಿರು ಬಿಡುತ್ತ ಕುಣಿಯುತ್ತಿದ್ದಾರೆ, ಗೋಡೆಯ ಮೇಲೆ ಬೆವರಿನ ಹಬೆ ಇಳಿಯುತ್ತಿದೆ. ನನಗೆ ಹೆದರಿಕೆಯಾಗಿದ್ದು ಅಲ್ಲಿ, ಪುಣೆಯಿಂದ ಬಂದ ಹುಡುಗನನ್ನು ನೋಡಿ ಅಲ್ಲ.

ಬಡಗಿ ಅಣ್ಣ: ಮೊಳೆ ಕೀಳುವುದು ಅರ್ಧ ಗಂಟೆಯ ಕೆಲಸ. ಎರಚಲು ತಡೆಯಲು ಹೊರಗೆ ತಗಡು ಇಳಿಜಾರಾಗಿ ಹಾಕಿಕೊಡುತ್ತೇನೆ. ತಗಡಿನ ಹಣ ಸಂಘ ಕೊಡಲಿ, ಕೂಲಿ ಬೇಡ.

ಮೂಲೆ ಮನೆ ಕಾಕಾ: ಚೀಟಿ ಬೇಡ ಎಂದರೆ ಬೇಡ. ಮೊಮ್ಮಗನನ್ನು ಮಾತ್ರ ಈ ಸಲ ಅಭ್ಯಾಸಕ್ಕೆ ಕಳಿಸುವುದಿಲ್ಲ.

ಲ್ಯಾಬ್ ಅಕ್ಕ: ಕಳಿಸಬೇಡಿ ಕಾಕಾ, ಅದು ಸರಿಯೇ.

ಕಾರ್ಯದರ್ಶಿ: ಹಾಗಾದರೆ ಕಿಟಕಿ ತೆರೆಯುವವರೆಗೆ ಭವನದೊಳಗೆ ಅಭ್ಯಾಸವಿಲ್ಲ. ಮಳೆ ಬಿಟ್ಟಾಗ ಮೈದಾನದಲ್ಲಿ ಮಾಡಲಿ. ಜ್ವರ, ಕೆಮ್ಮು ಇದ್ದವರು ಮನೆಯಲ್ಲಿರಬೇಕು, ಹೊರಗೆ ಬರಲೇಬೇಕಾದರೆ ಮಾಸ್ಕ್ ಹಾಕಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರಿಗೆ ಜ್ವರ ಬಂದರೆ ಮೊದಲ ದಿನವೇ ವೈದ್ಯರಿಗೆ ತೋರಿಸಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ನೇರ ಆಸ್ಪತ್ರೆಗೆ, ವಾಹನ ಬೇಕಾದರೆ ನನಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಅಜ್ಜನವರ ಮನೆಗೆ ಹಾಲು, ಔಷಧಿ ತಲುಪಿಸುವವರು ಯಾರು?

ಮೊದಲ ಅಡ್ಡರಸ್ತೆ, ಮಹಡಿ ಮನೆ: ನಾನು ತಲುಪಿಸುತ್ತೇನೆ. ನಾಳೆ ಆರೋಗ್ಯ ಕೇಂದ್ರಕ್ಕೂ ಹೋಗಿ, ನಮ್ಮಲ್ಲಿ ಬಂದು ಮಾದರಿ ಸಂಗ್ರಹಿಸುವಂತೆ ಕೇಳುತ್ತೇನೆ. ಅಕ್ಕಾ, ನೀವೂ ಜೊತೆಗೆ ಬನ್ನಿ.

ಬಡಗಿ ಅಣ್ಣ: ಬೆಳಿಗ್ಗೆ ಏಳಕ್ಕೆ ಭವನದ ಬೀಗದ ಕೈ ಯಾರಾದರೂ ತನ್ನಿ. ಎತ್ತರದ ಏಣಿಯೂ ಬೇಕು.

ಮೂಲೆ ಮನೆ ಕಾಕಾ: ಏಣಿ ನಮ್ಮಲ್ಲಿದೆ, ತರುತ್ತೇನೆ.