ಪ್ರಶ್ನೋತ್ತರ: ಅಮೆರಿಕದ ಟೋಬೋಟನ್ನು ಹುಬ್ಬಳ್ಳಿಗೆ ತರಿಸಬಹುದೇ?

ಪ್ರಶ್ನೆ (ಹುಬ್ಬಳ್ಳಿ): ಅಣ್ಣಾವರೇ, ನಮಸ್ಕಾರ. ಗೋವಾದಲ್ಲಿ ಹತ್ತಾರು ವರ್ಷ ಬೋಟ್ ಎಂಜಿನ್ ಬಿಚ್ಚಿ ಕಟ್ಟಿದವರು ನೀವು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಅಕ್ಕನ ಗಂಡ ಅಮೆರಿಕದ ಟೆನೆಸಿಯಲ್ಲಿದ್ದಾರೆ. ನೀರಿನ ಮೇಲೆ ಸ್ಕೀ ಮಾಡುವವರನ್ನು ಹಗ್ಗದಿಂದ ಎಳೆಯುವ ಟೋಬೋಟ್ ಅವರ ಬಳಿ ಇದೆ. 2008ರಲ್ಲಿ ಸುಮಾರು 50 ಸಾವಿರ ಡಾಲರ್ ಕೊಟ್ಟು ಕೊಂಡಿದ್ದರಂತೆ. ಈಗ ಹೊಸದು ವಿಚಾರಿಸಿದರೆ ಎರಡು ಲಕ್ಷ ಡಾಲರ್ ಹೇಳುತ್ತಿದ್ದಾರೆ. ನಮ್ಮಲ್ಲಿ ಆ ದುಡ್ಡಿಗೆ ಜಾಗ ಕೊಂಡು ಮನೆಯನ್ನೇ ಕಟ್ಟಬಹುದು. ಒಂದು ಬೋಟ್ ಇಷ್ಟೇಕೆ ದುಬಾರಿಯಾಯಿತು? ಹಳೆಯದನ್ನು ನನಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತರಿಸಿಕೊಂಡು ಸೂಪಾ ಹಿನ್ನೀರಿನಲ್ಲಿ ಓಡಿಸುವ ಆಸೆ.

ಉತ್ತರ: ತಮ್ಮಾ, ಮೊದಲು ಬೆಲೆಯ ವಿಷಯ. ಹೆಸರು ಒಂದೇ ಆದರೂ ನಿಮ್ಮ ಅಕ್ಕನ ಗಂಡ 2008ರಲ್ಲಿ ಕೊಂಡ ಯಂತ್ರವೇ ಬೇರೆ, ಇಂದು ಮಾರುತ್ತಿರುವುದೇ ಬೇರೆ. ಸ್ಕೀ ಮಾಡುವವನಿಗೆ ಬೋಟ್ ಗಂಟೆಗೆ 50 ಕಿ.ಮೀ. ಮೇಲೆ ಓಡಬೇಕು, ಹಿಂದೆ ಅಲೆ ಏಳಬಾರದು. ಹಾಗಾಗಿ ತಳ ಚಪ್ಪಟೆ, ಮೈ ಹಗುರ. ಈಗಿನ ಗಿರಾಕಿಗೆ ಬೇಕಾದದ್ದು ವೇಕ್‌ಸರ್ಫಿಂಗ್, ಅಂದರೆ ಬೋಟ್ ಎಬ್ಬಿಸಿದ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಆಟ. ಅದರಲ್ಲಿ ಬೋಟ್ 17-18 ಕಿ.ಮೀ. ವೇಗದಲ್ಲಿ ತೆವಳುತ್ತಲೇ ಎದೆಮಟ್ಟದ ಅಲೆ ಎಬ್ಬಿಸಬೇಕು. ಸ್ಕೀ ಎಂದರೆ ಹೊಲದ ಮೇಲೆ ಕುಂಟೆ ಹೊಡೆದಂತೆ, ವೇಕ್‌ಸರ್ಫಿಂಗ್ ಎಂದರೆ ಎರೆಹೊಲದಲ್ಲಿ ಆಳಕ್ಕೆ ರಂಟೆ ಊರಿ ಹೊಡೆದಂತೆ. ಎತ್ತಿನ ಗಾತ್ರ ಬೇರೆಯೇ ಬೇಕು.

ಆ ಅಲೆಗಾಗಿ ಬೋಟಿನ ಹೊಟ್ಟೆಯ ಟ್ಯಾಂಕುಗಳಿಗೆ ಒಂದು, ಒಂದೂವರೆ ಟನ್ ಕೆರೆಯ ನೀರನ್ನೇ ಪಂಪ್ ಮಾಡಿ ತುಂಬಿಸುತ್ತಾರೆ. ಅಷ್ಟು ಭಾರ ಹೊರಲು ದೊಡ್ಡ ಮೈ, ಆ ಮೈಯನ್ನು ತಳ್ಳಲು 6 ಲೀಟರ್ ಮೇಲಿನ ವಿ8 ಎಂಜಿನ್, ಅದಕ್ಕೆ ಪಂಪು, ಸೆನ್ಸರು, ಟಚ್‌ಸ್ಕ್ರೀನು. 2010ರ ಮಾಡೆಲ್‌ಗಳಿಂದ ಅಮೆರಿಕದಲ್ಲಿ ಇಂಥ ಎಂಜಿನ್‌ಗಳ ಹೊಗೆಕೊಳವೆಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದರ ಖರ್ಚೂ ಸೇರಿತು. ಅಲೆಯನ್ನು ಬೇಕಾದ ಬದಿಗೆ ತಿರುಗಿಸುವ ರೆಕ್ಕೆಗಳ ಪೇಟೆಂಟ್‌ಗಾಗಿ ಟೋಬೋಟ್ ತಯಾರಿಸುವ ಮಾಲಿಬು ಕಂಪನಿ ಅದರ ಎದುರಾಳಿ ಮಾಸ್ಟರ್‌ಕ್ರಾಫ್ಟ್ ಮೇಲೆ ಕೋರ್ಟಿಗೆ ಹೋಗಿ, ಕೊನೆಗೆ ಪರವಾನಗಿ ಕೊಟ್ಟು ರಾಜಿಯಾಯಿತು. ಅಂಥ ಖರ್ಚು ಕೊಳ್ಳುವವನ ತಲೆಗಲ್ಲದೆ ಇನ್ನಾರ ತಲೆಗೆ ಬರುತ್ತದೆ? ಇದರ ನಡುವೆ ಕೋವಿಡ್ ವರ್ಷಗಳಲ್ಲಿ ಮನೆಯಲ್ಲಿ ಕುಳಿತ ಜನ ಬೋಟ್‌ಗೆ ಮುಗಿಬಿದ್ದರು, ಷೋರೂಂಗಳು ಬರಿದಾದವು. ಆಗ ಏರಿದ ಬೆಲೆ ಇಳಿಯಲಿಲ್ಲ, ಆಮೇಲೆ ಸಾಲದ ಬಡ್ಡಿಯೂ ಏರಿತು.

ಇನ್ನು ಹಳೆಯದನ್ನು ತರಿಸುವ ಮಾತು. ಬೇಡ ಎನ್ನುತ್ತೇನೆ. ಟೇಪು ಹಿಡಿದು ಅದರ ಅಗಲ ಅಳೆಯಲು ಹೇಳಿ. ಬಹಳಷ್ಟು ಟೋಬೋಟ್‌ಗಳ ಅಗಲ 102 ಇಂಚು, ಅಂದರೆ 2.59 ಮೀಟರ್. ಸಾಮಾನ್ಯ ಕಂಟೇನರ್‌ನ ಒಳ ಅಗಲ 2.35 ಮೀಟರ್. ಹಿಡಿಸದಿದ್ದರೆ ಓರೆಯಾಗಿ ಕಟ್ಟಬೇಕು, ಇಲ್ಲವೇ ಪಕ್ಕದ ಗೋಡೆ, ಛಾವಣಿ ಇಲ್ಲದ ಬಯಲು ಚೌಕಟ್ಟಿನ ಮೇಲೆ ತರಬೇಕು, ಬಾಡಿಗೆ ಏರುತ್ತದೆ. ಬೋಟಿನ ಮೌಲ್ಯ, ಹಡಗು ಬಾಡಿಗೆ, ವಿಮೆ ಮೂರೂ ಸೇರಿದ ಮೊತ್ತಕ್ಕೆ ಕಸ್ಟಮ್ಸ್ ಸುಂಕ. ಆ ಸುಂಕವನ್ನೂ ಸೇರಿಸಿದ ಮೊತ್ತಕ್ಕೆ ಜಿಎಸ್‌ಟಿ. ವಿಹಾರದ ಬೋಟ್‌ಗಳಿಗೆ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಪುಕ್ಕಟೆ ಬೋಟ್ ಎಂದು ನೀವು ಹೇಳಿದರೂ ಕಸ್ಟಮ್ಸ್‌ನವರು ಪುಕ್ಕಟೆ ಎಂದು ಬರೆದುಕೊಳ್ಳುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ತೆರಿಗೆ ಒಂದು ಸಲದ ಮಾತು, ಹೇಗೋ ಕಟ್ಟಿದೆ ಎಂದುಕೊಳ್ಳಿ. ಆಮೇಲಿನ ಖರ್ಚು?

ಉತ್ತರ: ನನ್ನ ಕಣ್ಣಿಗೆ ಹೆದರಿಕೆ ಕಾಣುವುದೇ ಅಲ್ಲಿ. ಅಲೆ ಎಬ್ಬಿಸುತ್ತ ಓಡಿದರೆ ದೊಡ್ಡ ಎಂಜಿನ್ ಗಂಟೆಗೆ 20ರಿಂದ 30 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ನಮ್ಮ ಬಂಕಿನ ದರದಲ್ಲಿ ಗಂಟೆಗೆ ಎರಡರಿಂದ ಮೂರು ಸಾವಿರ ರೂಪಾಯಿ. ನಿಮ್ಮ ಹಳೆಯ ಬೋಟ್ ಸ್ವಲ್ಪ ಕಡಿಮೆ ಕುಡಿದೀತು.

ಸೂಪಾದ ತೊಂದರೆ ಬೇರೆ. ಅಣೆಕಟ್ಟು ಕಟ್ಟಿದಾಗ ಅಲ್ಲಿ ಕಾಡೇ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಮರದ ಮೋಟುಗಳು ನೀರಿನ ಅಡಿಗೇ, ಕಣ್ಣಿಗೆ ಕಾಣದಷ್ಟೇ ಆಳದಲ್ಲಿ ನಿಂತಿರುತ್ತವೆ. ಬೋಟಿನ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಆದರೆ ಬಡಿದಾಗ ಮೇಲಕ್ಕೆ ಎಗರಬಹುದು. ಟೋಬೋಟಿನ ಫ್ಯಾನು, ಅಂದರೆ ಬೋಟನ್ನು ತಳ್ಳುವ ಪ್ರೊಪೆಲರ್, ತಳದ ಅಡಿಯಲ್ಲಿ ಉದ್ದನೆಯ ಶಾಫ್ಟ್‌ನ ತುದಿಗೆ ಬಿಗಿಯಾಗಿ ಕುಳಿತಿರುತ್ತದೆ, ಎಗರಲು ಜಾಗವಿಲ್ಲ. ಒಂದು ಮೋಟು ಸಾಕು: ಫ್ಯಾನು ಮುರಿಯುತ್ತದೆ, ಶಾಫ್ಟ್ ಬಾಗುತ್ತದೆ. ಬಾಗಿದ ಶಾಫ್ಟನ್ನು ನೇರ ಮಾಡುವ ಲೇಥ್ ಹುಬ್ಬಳ್ಳಿಯಲ್ಲಿ ಸಿಕ್ಕೀತು, ಆದರೆ ಹೊಸ ಫ್ಯಾನು ಅಮೆರಿಕದಿಂದಲೇ ಬರಬೇಕು. ಅದು ಬರುವವರೆಗೆ ಸೀಸನ್ ಮುಗಿದಿರುತ್ತದೆ.

ಅನುಮತಿಯನ್ನೂ ನೆನಪಿಡಿ. ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು, ದಂಡೆಯ ಕಾಡು ಅರಣ್ಯ ಇಲಾಖೆಯದು. ಜನರನ್ನು ಹತ್ತಿಸಿ ಓಡಿಸುವುದಾದರೆ 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ನೋಂದಣಿ, ತಪಾಸಣೆ ಪ್ರಮಾಣಪತ್ರ ಎರಡೂ ಬೇಕು.

ಇನ್ನೊಬ್ಬರು (ಗದಗ): ಸೂಪಾ ಏಕೆ ಸರ್, ನಮ್ಮ ಭೀಷ್ಮ ಕೆರೆಗೆ ತನ್ನಿ! ತಮಾಷೆ ಬಿಡಿ, ಉಣಕಲ್ ಕೆರೆಯಲ್ಲಿ ಆಗುವುದಿಲ್ಲವೇ?

ಉತ್ತರ: ತಮಾಷೆಯಲ್ಲೇ ಉತ್ತರವಿದೆ. ಅಮೆರಿಕದ ವರ್ಮಾಂಟ್ ರಾಜ್ಯ 2024ರಲ್ಲಿ ಇಂಥ ಅಲೆಯಾಟಕ್ಕೆ ನಿಯಮ ಮಾಡಿತು: ದಡದಿಂದ 500 ಅಡಿ ದೂರ, ಕನಿಷ್ಠ 20 ಅಡಿ ಆಳ. ಅಲೆ ದಡದ ಮಣ್ಣು ಕೊರೆಯುತ್ತದೆ, ತಳದ ಕೆಸರು ಕದಡುತ್ತದೆ ಎಂಬುದು ಅಲ್ಲಿನವರ ದೂರು. ನಮ್ಮ ಕೆರೆಗಳಲ್ಲಿ ಹೂಳು ಕಳೆದು ಅಷ್ಟು ಆಳ ಎಲ್ಲಿ ಸಿಗುತ್ತದೆಯೋ ನೋಡಿ. ಉಣಕಲ್‌ನಲ್ಲಿ ಅಂತರಗಂಗೆಯ ಕಾಟ ಬೇರೆ. ಎಂಜಿನ್ ತಣ್ಣಗಿರಲು ಕೆರೆಯ ನೀರನ್ನೇ ಹೀರುತ್ತದೆ. ಬಾಯಿಗೆ ಬೇರು ಸಿಕ್ಕಿಕೊಂಡರೆ ಪಂಪಿನ ಒಳಗಿನ ಅಂಗೈಯಗಲದ ರಬ್ಬರ್ ಇಂಪೆಲರ್ (ನೀರು ತಳ್ಳುವ ಹಲ್ಲಿನ ಚಕ್ರ) ನೀರಿಲ್ಲದೆ ಒಣಗಿ ತಿರುಗಿ ಹಲ್ಲು ಉದುರಿಸಿಕೊಳ್ಳುತ್ತದೆ. ಗೋವಾದಲ್ಲಿ ಒಂದು ಬೋಟಿನ ಪಂಪು ಬಿಚ್ಚಿದಾಗ ಆರು ಹಲ್ಲಿನಲ್ಲಿ ಎರಡೇ ಉಳಿದಿದ್ದವು. ಉಳಿದ ನಾಲ್ಕನ್ನು ಹುಡುಕಲು ಇಡೀ ದಿನ ಪೈಪು ಬಿಚ್ಚಿದೆ. ಒಂದು ತುಣುಕು ಉಳಿದರೂ ನೀರಿಗೆ ಅಡ್ಡವಾಗಿ ಎಂಜಿನ್ ಮತ್ತೆ ಬಿಸಿಯೇರುತ್ತದೆ.

ಮತ್ತೊಬ್ಬರು (ಹಾವೇರಿ): ಹಾಗಾದರೆ ಮಕ್ಕಳನ್ನು ಟ್ಯೂಬಿನ ಮೇಲೆ ಕೂರಿಸಿ ಎಳೆಯುವ ಸುಖವನ್ನೂ ಬಿಡಬೇಕೇ?

ಉತ್ತರ: ಬಿಡಬೇಡಿ. ಟ್ಯೂಬ್ ಎಳೆಯಲು 40ರಿಂದ 60 ಅಶ್ವಶಕ್ತಿಯ ಔಟ್‌ಬೋರ್ಡ್ ಇರುವ ಫೈಬರ್ ಬೋಟ್ ಸಾಕು. ಬಿಡಿಭಾಗಗಳಿಗೆ ಅಮೆರಿಕದ ದಾರಿ ಕಾಯಬೇಕಿಲ್ಲ, ಗೋವಾ, ಕಾರವಾರದ ಕಡೆ ವಿಚಾರಿಸಿ. ಹಿಂದಕ್ಕೆ ಮುಖ ಮಾಡಿ ಕುಳಿತು ಟ್ಯೂಬಿನ ಮೇಲೆ ಕಣ್ಣಿಡಲು ಮಾತ್ರ ಇನ್ನೊಬ್ಬ ಬೇಕೇ ಬೇಕು. ಬೋಟ್ ಓಡಿಸುವವನೇ ಹಿಂದೆ ತಿರುಗಿ ನೋಡುವುದು ಅಪಾಯ.

ಪ್ರಶ್ನೆ (ಹುಬ್ಬಳ್ಳಿ): ಅಣ್ಣಾವರೇ, ಆಸೆ ಪೂರ್ತಿ ಸತ್ತಿಲ್ಲ. ಟೆನೆಸಿಗೆ ಏನೇನು ಫೋಟೊ ಕಳಿಸಲು ಹೇಳಲಿ?

ಉತ್ತರ: ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್, ಹಿಂದಿನಿಂದ ಕಾಣುವ ಫ್ಯಾನು, ಟ್ರೇಲರ್ ಚಕ್ರದ ಬೇರಿಂಗ್. ಟ್ರೇಲರ್ ದೂರ ಓಡಿ ಬಂದ ಬೇರಿಂಗ್ ಬಿಸಿಯಾಗಿರುವಾಗಲೇ ನೀರಿಗಿಳಿಸಿದರೆ ಅದು ತಣಿಯುತ್ತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಬಿಳಿ ಗ್ರೀಸು ಕಂಡರೆ, ಮಾಲೀಕರು ಬೋಟನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ಅವರನ್ನು ಕೇಳುವ ಅಗತ್ಯವೇ ಇಲ್ಲ. ಅಕ್ಕನ ಗಂಡನ ಬಳಿ ಈ ಮಾತು ಹೇಳಬೇಡಿ. ಫೋಟೊ ಬಂದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.