ಬೆಳಕಿನ ಚಿಕಿತ್ಸೆ: ಭಾನುವಾರದ ಪ್ರಶ್ನೋತ್ತರ

ಸಕಲೇಶಪುರದಿಂದ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 61 ವರ್ಷ. ಮೂರು ವಾರದಿಂದ ಕಣ್ಣು ಹಳದಿ, ಮೈಯೆಲ್ಲಾ ತುರಿಕೆ. ನೋವಿಲ್ಲ. ಕಾಮಾಲೆ ಅಂತ ನಾಟಿ ಔಷಧಿ ಕೊಡಿಸಿದೆವು, ಇಳಿಯಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪ್ಯಾಂಕ್ರಿಯಾಸ್‌ನಲ್ಲಿ, ಅಂದರೆ ಮೇದೋಜೀರಕ ಗ್ರಂಥಿಯಲ್ಲಿ, ಗಡ್ಡೆ ಅಂದರು. ಆಪರೇಷನ್ ಇಲ್ಲದೆ ಬೆಳಕು ಬಿಟ್ಟು ಕರಗಿಸುತ್ತಾರೆ ಅನ್ನೋ ವಿಡಿಯೊ ಬಂದಿದೆ. ಮಾಡಿಸಬಹುದಾ?

ಡಾಕ್ಟರ್: ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆಯಾ? ಮಲ ಬೆಳ್ಳಗಾಗಿದೆಯಾ? ಹೊಸದಾಗಿ ಶುಗರ್ ಬಂದಿದೆಯಾ?

ಸಕಲೇಶಪುರದಿಂದ: ಮೂರೂ ಹೌದು ಸಾರ್. ತೂಕವೂ ಇಳಿದಿದೆ.

ಅರಸೀಕೆರೆಯಿಂದ: ಈ ಬೆಳಕಿನ ಚಿಕಿತ್ಸೆ ಹಾಸನದಲ್ಲಿ ಸಿಗುತ್ತಾ ಡಾಕ್ಟ್ರೇ?

ಡಾಕ್ಟರ್: ಇಲ್ಲ.

ಡಾಕ್ಟರ್: ಸಕಲೇಶಪುರದವರೇ, ನಿಮ್ಮದು ನನಗೆ ಚಿಂತೆ ಹತ್ತಿಸಿದೆ. ಗಡ್ಡೆ ಪಿತ್ತನಾಳವನ್ನು ಒತ್ತಿ ಹಿಡಿದಿರಬೇಕು. ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತಿದೆ, ಅದಕ್ಕೇ ತುರಿಕೆ. ಇದು ಲಿವರ್ ಸೋಂಕಿನ ಕಾಮಾಲೆ ಅಲ್ಲ, ನೆಲನೆಲ್ಲಿಗೆ ಬಗ್ಗುವುದಿಲ್ಲ. ಪ್ಯಾಂಕ್ರಿಯಾಸ್‌ಗೆ ಅಂತಲೇ ಸಿ.ಟಿ. ಮಾಡಿಸಿ, ಆ ಆಪರೇಷನ್ ಮಾಡಿ ಪಳಗಿದ ಸರ್ಜನ್‌ಗೆ ಈ ವಾರವೇ ತೋರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ ಹೋಗಬಹುದು. ತೆಗೆಯಲು ಬರುವ ಗಡ್ಡೆಯಾದರೆ ಆಪರೇಷನ್ನೇ ಮುಖ್ಯ, ಜೊತೆಗೆ ಕೀಮೊ.

ಇನ್ನು ಬೆಳಕು. ವಿಡಿಯೊ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಮೊದಲು ರಕ್ತನಾಳಕ್ಕೆ ಒಂದು ಔಷಧಿ ಕೊಡುತ್ತಾರೆ. ಆಮೇಲೆ ಸೂಜಿಯ ಮೂಲಕ ಗಡ್ಡೆಯೊಳಗೆ ತೆಳು ಫೈಬರ್ ತೂರಿಸಿ ಲೇಸರ್ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಾಗ ಆ ಔಷಧಿ ಅಲ್ಲಿನ ಆಮ್ಲಜನಕವನ್ನು ಕೆರಳಿಸಿ ಜೀವಕೋಶಗಳನ್ನು ಕೊಲ್ಲುತ್ತದೆ. ಆದರೆ ಮಾಂಸದೊಳಗೆ ಬೆಳಕು ಹೋಗುವುದು ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಲಂಡನ್‌ನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 16 ಜನ, 2014ರದ್ದರಲ್ಲಿ 15 ಜನ. ಗಡ್ಡೆಯ ಒಂದಷ್ಟು ಭಾಗ ಸತ್ತಿತು, ನಿಜ. ಆಪರೇಷನ್ ಬದಲಿಗೆ ಇದು ಸಾಕು ಅಂತ ಅವು ತೋರಿಸಿಲ್ಲ. ಅನ್ನನಾಳದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು, ಪ್ಯಾಂಕ್ರಿಯಾಸ್‌ಗೆ ಇನ್ನೂ ಪ್ರಯೋಗದ ಹಂತವೇ. ಆ ಅನ್ನನಾಳದ ಔಷಧಿ ಹಾಕಿಸಿಕೊಂಡವರು ಕನಿಷ್ಠ 30 ದಿನ ಬಿಸಿಲಿಗೆ ಬರುವಂತಿಲ್ಲ, ಚರ್ಮ ಸುಡುತ್ತದೆ. ಕಾಫಿ ಕಣದಲ್ಲಿ ನಿಲ್ಲೋ ಮಾತೇ ಇಲ್ಲ.

ಬೇಲೂರಿನಿಂದ: ನಮ್ಮ ಭಾವ ಕೆಂಪು ದೀಪ ತರಿಸಿದ್ದಾರೆ, ದಿನಾ ಹೊಟ್ಟೆಗೆ ಹಿಡಿದರೆ ಗಡ್ಡೆ ಕರಗುತ್ತಂತೆ. ಲಿಂಕ್ ಹಾಕಲಾ?

ಡಾಕ್ಟರ್: ಹಾಕಬೇಡಿ. ಔಷಧಿ ಇಲ್ಲ, ಫೈಬರ್ ಇಲ್ಲ, ಸುಮ್ನೆ ಹೊಟ್ಟೆ ಬೆಚ್ಚಗಾಗುತ್ತದೆ.

ಚನ್ನರಾಯಪಟ್ಟಣದಿಂದ: ಎಳೆ ಬಿಸಿಲೂ ಬೆಳಕೇ ಅಲ್ವಾ? ಕಾಸು ಬರಲ್ಲ ಅಂತ ನೀವು ಹೇಳಲ್ಲ.

ಆಲೂರಿನಿಂದ: ಹಾಗಾದರೆ ಗದ್ದೆಯಲ್ಲಿ ದುಡಿಯೋರಿಗೆ ಕ್ಯಾನ್ಸರೇ ಬರಬಾರದಿತ್ತು ಕಣ್ರೀ.

ಚನ್ನರಾಯಪಟ್ಟಣದಿಂದ: ನಾಟಿ ಔಷಧಿಯಲ್ಲಿ ನಮ್ಮಜ್ಜಿ ವಾಸಿಯಾದರು. ನೀವು ನೋಡಿದ್ರಾ?

ಆಲೂರಿನಿಂದ: ನಿಮ್ಮಜ್ಜಿಗೆ ಇದ್ದದ್ದು ಯಾವ ಕಾಮಾಲೆ ಅಂತ ನಿಮಗೆ ಗೊತ್ತಿತ್ತಾ? ಮೂರು ವಾರ ಹಾಳಾಗಿದ್ದು ಇವರದ್ದು.

ಚನ್ನರಾಯಪಟ್ಟಣದಿಂದ: ಬಾಯಿಗೆ ಬಂದಂಗೆ ಮಾತಾಡಬೇಡಿ.

ಅರಕಲಗೂಡಿನಿಂದ: ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಅದಕ್ಕೂ ಲೇಸರ್ ಇದೆಯಾ ಸಾರ್?

ಹೊಳೆನರಸೀಪುರದಿಂದ: ಹಾಸನದಲ್ಲಿ ಎಲ್ಲಿ ಮಾಡ್ತಾರೆ ಹೇಳಿ ಪ್ಲೀಸ್.

ಡಾಕ್ಟರ್: ಮೇಲೆ ಓದಿ.

ಸಕಲೇಶಪುರದಿಂದ: ಡಾಕ್ಟ್ರೇ, ಸಂಜೆಯಿಂದ ಅಪ್ಪನಿಗೆ ಚಳಿಜ್ವರ, ನಡುಕ. ಪ್ಯಾರಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣವಾ?

ಡಾಕ್ಟರ್: ಬೇಡ. ಕಟ್ಟಿಕೊಂಡ ಪಿತ್ತಕ್ಕೆ ಸೋಂಕು ತಗುಲಿರಬಹುದು. ರಾತ್ರಿಯೇ ಜೀವಕ್ಕೆ ಅಪಾಯವಾಗಬಹುದು. ಈಗಲೇ ಹಾಸನದ ದೊಡ್ಡಾಸ್ಪತ್ರೆಗೆ ಹೊರಡಿ. ಆಂಟಿಬಯೋಟಿಕ್ ಬೇಕು, ಪಿತ್ತ ಇಳಿಸಲು ಸ್ಟೆಂಟ್ ಬೇಕಾಗಬಹುದು. ಸ್ಕ್ಯಾನಿಂಗ್ ರಿಪೋರ್ಟ್ ಮರೆಯಬೇಡಿ.

ಬೇಲೂರಿನಿಂದ: ದೀಪ ವಾಪಸ್ ಮಾಡಿದರೆ ದುಡ್ಡು ಕೊಡ್ತಾರಾ?

ಸಕಲೇಶಪುರದಿಂದ: ಕಾರು ಬಂತು ಸಾರ್, ಹೊರಟೆವು. ಬಿಪಿಎಲ್ ಕಾರ್ಡ್ ತಗೊಳ್ಳಬೇಕಾ?

ಆಲೂರಿನಿಂದ: ತಗೊಳ್ಳಿ, ಆಧಾರ್ ಕೂಡ.